ಟ್ರೂಮನ್, ಕೆಂಗಲ್ ಮತ್ತು ಕುರ್ಚಿಯ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕದ ಅಮೆರಿಕ ಎಂದರೆ ಯುದ್ಧ ಗೆದ್ದ ಐಸೆನ್‌ಹೋವರ್ ಹೆಸರು ಮೊದಲು ಬರುತ್ತದೆ. ನನ್ನ ಅಳತೆಯಲ್ಲಿ ಅವರಿಗಿಂತ ಹ್ಯಾರಿ ಟ್ರೂಮನ್ ದೊಡ್ಡವರು. 1948ರ ಜುಲೈನಲ್ಲಿ, ಚುನಾವಣೆ ಎದುರಿಗಿರುವಾಗಲೇ, ಸೇನೆಯಲ್ಲಿ ಕಪ್ಪು ಜನರನ್ನು ಬೇರೆಯಾಗಿಡುವ ಪದ್ಧತಿ ಕೊನೆಗಾಣಿಸಲು ಅವರು ಆದೇಶ ಹೊರಡಿಸಿದರು. ಕಪ್ಪು ಜನರ ಹಕ್ಕಿನ ಪ್ರಶ್ನೆಯ ಮೇಲೆಯೇ ಸಿಡಿದ ದಕ್ಷಿಣದ ಸ್ವಪಕ್ಷೀಯರು ಬೇರೆ ಅಭ್ಯರ್ಥಿಯನ್ನು ನಿಲ್ಲಿಸಿದ್ದರಿಂದ ನಾಲ್ಕು ರಾಜ್ಯಗಳು ಕೈತಪ್ಪಿದವು. ಉತ್ತರದ ನಗರಗಳಲ್ಲಿದ್ದ ಕಪ್ಪು ಜನರ ಮತದ ಮೇಲೂ ಅವರ ಕಣ್ಣಿತ್ತು, ನಿಜ. ಆದರೆ ಪತ್ರಿಕೆಗಳೆಲ್ಲ ಎದುರಾಳಿ ಡ್ಯೂಯಿಯ ಗೆಲುವನ್ನೇ ಬರೆಯುತ್ತಿದ್ದ ಹೊತ್ತಿನಲ್ಲಿ ತನ್ನವರನ್ನೇ ಎದುರುಹಾಕಿಕೊಳ್ಳುವುದು ಬರೀ ಮತದ ಲೆಕ್ಕಾಚಾರಕ್ಕೆ ಒಗ್ಗುವ ಕೆಲಸವಲ್ಲ.

ನಮ್ಮಲ್ಲಿ ಈ ಅಳತೆಗೆ ನಿಲ್ಲುವವರು 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ. ಜನ ಅವರನ್ನು ವಿಧಾನಸೌಧಕ್ಕಾಗಿ ನೆನೆಯುತ್ತಾರೆ; ಕಲ್ಲಿನ ಕಟ್ಟಡ ಕಣ್ಣಿಗೆ ಕಾಣುತ್ತದಲ್ಲ. ಅದಕ್ಕಿಂತ ಕಷ್ಟದ ಕೆಲಸ ಏಕೀಕರಣದ ಪರ ನಿಂತದ್ದು. ಕನ್ನಂಬಾಡಿ, ಜೋಗದ ವಿದ್ಯುತ್ತು, ಶಾಲೆ ಕಾಲೇಜು ಎಂದು ಸಂಸ್ಥಾನ ಕೂಡಿಟ್ಟದ್ದೆಲ್ಲ ಉತ್ತರದ ಜಿಲ್ಲೆಗಳಿಗೆ ಹಂಚಿಹೋಗುತ್ತದೆ, ಒಕ್ಕಲಿಗರ ಹಿಡಿತ ಸಡಿಲಿ ಲಿಂಗಾಯತರ ಕೈ ಮೇಲಾಗುತ್ತದೆ ಎಂಬ ಅಂಜಿಕೆ ಹಳೇ ಮೈಸೂರಿನ ಅನೇಕ ಮುಖಂಡರಿಗಿತ್ತು. ಒಕ್ಕಲಿಗರೇ ಆದ ಹನುಮಂತಯ್ಯ ಅದಕ್ಕೆ ಮಣಿಯಲಿಲ್ಲ. 1956ರ ಆಗಸ್ಟ್‌ನಲ್ಲಿ ಅಧಿಕಾರ ಹೋಯಿತು. ನವೆಂಬರ್ 1ರಂದು ಹುಟ್ಟಿದ ವಿಶಾಲ ಮೈಸೂರಿಗೆ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ.

ರಾಜ್ಯಗಳನ್ನು ವಿಂಗಡಿಸಿದ್ದು ಫಜಲ್ ಅಲಿ ಆಯೋಗ, ತೀರ್ಮಾನ ದೆಹಲಿಯದು, ಇವರಿಗೇಕೆ ಶ್ರೇಯಸ್ಸು ಎಂದು ಕೇಳಬಹುದು. ಪಕ್ಷದ ಒಳಜಗಳವೂ ಅವರನ್ನು ಇಳಿಸಿತು, ಒಪ್ಪುತ್ತೇನೆ. ಆದರೆ ಮುಖ್ಯಮಂತ್ರಿಯೇ ಬೇಡವೆಂದು ಹಟ ಹಿಡಿದಿದ್ದರೆ ವಿರೋಧಿಗಳಿಗೆ ಬಲ ಬರುತ್ತಿತ್ತು, ದೆಹಲಿಗೆ ಕೆಲಸ ತೊಡಕಾಗುತ್ತಿತ್ತು. ಸುಮ್ಮನಿದ್ದು ಕುರ್ಚಿ ಉಳಿಸಿಕೊಳ್ಳುವ ಹಾದಿ ಅವರಿಗೆ ತೆರೆದೇ ಇತ್ತು. ಏಕೀಕರಣವೆಂದರೆ ಧಾರವಾಡದ ಕಡೆಯವರ ಹಂಬಲ, ನಂಜನಗೂಡು, ತಿ. ನರಸೀಪುರದವರಿಗೆ ಅದರಿಂದ ಬಂದದ್ದೇನು ಎನ್ನುವವರು ಪಕ್ಕದ ಕೊಳ್ಳೇಗಾಲವನ್ನು ನೋಡಲಿ. 1956ರವರೆಗೂ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಟ್ಟು ತರುವ ನೆಂಟಸ್ತಿಕೆಯಿದ್ದ, ಇದೇ ಕನ್ನಡವಾಡುವ ಊರುಗಳ ಜನ ಜಿಲ್ಲಾ ಕಚೇರಿಯ ಕೆಲಸಕ್ಕೆ ಕೊಯಮತ್ತೂರಿನ ಕಡೆ ಮುಖ ಮಾಡಬೇಕಿತ್ತು.