ಇಸವಿ ಇಲ್ಲದ ಆಮಂತ್ರಣ ಪತ್ರಿಕೆ

ಬಿನ್ನಿಪೇಟೆಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ‘ಮಿಲ್ಲು’. ಮಿಲ್ಲಿನ ಜಾಗದಲ್ಲಿ ಎತ್ತರದ ವಸತಿ ಕಟ್ಟಡಗಳು ಎದ್ದು ನಿಂತಿದ್ದರೂ ಮಾತಿನಲ್ಲಿ ಹೆಸರು ಉಳಿದುಕೊಂಡಿದೆ. ಆದರೆ ಆ ಕಾರ್ಖಾನೆ ಹುಟ್ಟಿದ್ದು ಬಿನ್ನಿಯ ಹೆಸರಿನಲ್ಲಲ್ಲ. 1884ರಲ್ಲಿ ಅದು ‘ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್’ ಆಗಿತ್ತು. ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದದ್ದು ಆಮೇಲೆ.

ಈ ಮಿಲ್ಲಿನ ಹಳೆಯ ಫೋಟೋಗಳಿರುವ ಪುಸ್ತಿಕೆಯೊಂದು ಕಲಾ ವಸ್ತುಸಂಗ್ರಹಾಲಯದ ಗ್ರಂಥಾಲಯಕ್ಕೆ ಬಂತೆನ್ನಿ. ಮುಖಪುಟದಲ್ಲಿ ಆ ಉದ್ದನೆಯ ಹೆಸರಷ್ಟೇ ಇದೆ. ಅದನ್ನೇ ಕಂಪ್ಯೂಟರಿಗೆ ಏರಿಸಿ ಕೈತೊಳೆದುಕೊಂಡರೆ, ಮಿಲ್ಲಿನಲ್ಲಿ ದುಡಿದವರ ಮೊಮ್ಮಗಳು ನಾಳೆ ಬಂದು ‘ಬಿನ್ನಿ ಮಿಲ್’ ಎಂದು ಹುಡುಕಿದಾಗ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಪುಸ್ತಿಕೆ ಮಾತ್ರ ಅವಳಿಂದ ಹತ್ತಡಿ ದೂರದ ಕಪಾಟಿನಲ್ಲೇ ಇರುತ್ತದೆ! ಒಂದು ಹೆಸರಿನಿಂದ ಇನ್ನೊಂದಕ್ಕೆ ‘ನೋಡಿ’ ಎಂದು ದಾರಿ ತೋರಿಸುವ ಒಂದೇ ಸಾಲು ಅಲ್ಲಿದ್ದಿದ್ದರೆ ಸಾಕಿತ್ತು. ಆ ಸಾಲನ್ನು ಬರೆಯುವ ವಿದ್ಯೆಗೆ ಸೂಚೀಕರಣ ಎಂದು ಹೆಸರು, ರೂಢಿಯಲ್ಲಿ ಕ್ಯಾಟಲಾಗಿಂಗ್.

ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಇದನ್ನು ತರಗತಿಯಲ್ಲಿ ಓದುತ್ತಾರೆ. ಆದರೆ ತರಗತಿಯಲ್ಲಿ ಕೈಗೆ ಸಿಗುವುದು ಒಳ್ಳೆಯ ಪುಸ್ತಕಗಳು: ಲೇಖಕರ ಹೆಸರು, ಪ್ರಕಾಶಕರು, ಇಸವಿ, ಎಲ್ಲವೂ ಅಚ್ಚುಕಟ್ಟಾಗಿ ಮುದ್ರಣವಾಗಿರುತ್ತವೆ. ಇಂಟರ್ನ್‌ಷಿಪ್‌ಗೆಂದು ಕಲಾ ಗ್ರಂಥಾಲಯಕ್ಕೆ ಹೋದವರ ಮುಂದೆ ಬೀಳುವ ರಾಶಿಯೇ ಬೇರೆ. ಚಿತ್ರಪ್ರದರ್ಶನದ ನಾಲ್ಕು ಪುಟದ ಕರಪತ್ರ, ಹರಾಜಿನ ಪಟ್ಟಿ, ಕಲಾವಿದರ ಬಗ್ಗೆ ಪತ್ರಿಕೆಗಳಿಂದ ಕತ್ತರಿಸಿದ ತುಣುಕು, ಉದ್ಘಾಟನೆಯ ಆಮಂತ್ರಣ. ಇವುಗಳಿಗೆ ಲೇಖಕರಿಲ್ಲ, ಪ್ರಕಾಶಕರಿಲ್ಲ, ಬಹಳಷ್ಟು ಸಲ ಇಸವಿಯೂ ಇರುವುದಿಲ್ಲ. ಕಲಾ ಇತಿಹಾಸ ಬರೆಯುವವರಿಗೆ ದಪ್ಪ ಗ್ರಂಥಗಳಿಗಿಂತ ಹೆಚ್ಚು ಬೇಕಾಗುವುದೂ ಇವೇ. ಒಬ್ಬ ಕಲಾವಿದ ಮೊದಲ ಬಾರಿಗೆ ಎಲ್ಲಿ, ಯಾವಾಗ ಚಿತ್ರ ತೂಗುಹಾಕಿದ ಎಂಬುದಕ್ಕೆ ಆ ಆಮಂತ್ರಣ ಬಿಟ್ಟರೆ ಬೇರೆ ಸಾಕ್ಷಿ ಸಿಗದಿರಬಹುದು.

ಉದಾಹರಣೆಗೆ, ಆಮಂತ್ರಣವೊಂದರಲ್ಲಿ ‘ಜನವರಿ 5, ಭಾನುವಾರ ಸಂಜೆ ಉದ್ಘಾಟನೆ’ ಎಂದಷ್ಟೇ ಇದೆ. ಕಾಗದ, ಅಚ್ಚು ನೋಡಿದರೆ 1960ರಿಂದ 1990ರ ನಡುವಿನದು. ಈ ಅವಧಿಯಲ್ಲಿ ಜನವರಿ 5 ಭಾನುವಾರ ಬಿದ್ದದ್ದು ನಾಲ್ಕೇ ಸಲ: 1964, 1969, 1975 ಮತ್ತು 1986. ವಿಳಾಸದ ಕೊನೆಯಲ್ಲಿ ಆರಂಕಿಯ ಪಿನ್‌ಕೋಡ್ ಇದೆ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲಿನ ಎರಡು ವರ್ಷಗಳು ಬಿದ್ದುಹೋದವು. ಹಿಂಬದಿಯಲ್ಲಿ ಕಲಾವಿದರ ಹಿಂದಿನ ಪ್ರದರ್ಶನಗಳ ಪಟ್ಟಿ ಇದ್ದು, ಅದು 1974ಕ್ಕೆ ನಿಂತಿದೆ. ಅಲ್ಲಿಗೆ ಉಳಿದದ್ದು 1975. ಆದರೂ ಅದು ಊಹೆ, ಆದ್ದರಿಂದ ಸೂಚಿಯಲ್ಲಿ ಚೌಕ ಆವರಣದೊಳಗೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ [1975?] ಎಂದು ಬರೆಯಬೇಕು. ಆವರಣ ಎಂದರೆ ‘ಇದು ಆ ಕಾಗದದಲ್ಲಿಲ್ಲ, ನಾವು ಸೇರಿಸಿದ್ದು’ ಎಂಬ ಒಪ್ಪಿಗೆ. ಪ್ರಶ್ನಾರ್ಥಕ ಚಿಹ್ನೆಯನ್ನು ಸೋಮಾರಿತನದಿಂದ ಬಿಟ್ಟರೆ ಊಹೆ ಸತ್ಯವಾಗಿಬಿಡುತ್ತದೆ. ಅದನ್ನು ನಂಬಿ ಒಬ್ಬರು ಪ್ರಬಂಧ ಬರೆಯುತ್ತಾರೆ, ಅದನ್ನು ನೋಡಿ ಇನ್ನೊಬ್ಬರು ಪುಸ್ತಕ.

ಊರಿನ ಹೆಸರಿನಲ್ಲೂ ಇದೇ ಶಿಸ್ತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಆಯಿತೆಂದು, ಹಳೆಯ ಇಂಗ್ಲಿಷ್ ಪುಸ್ತಿಕೆಯಲ್ಲಿ ‘ಬ್ಯಾಂಗಲೋರ್’ ಎಂದಿರುವುದನ್ನು ತಿದ್ದುವಂತಿಲ್ಲ. ಮುದ್ರಣದಲ್ಲಿ ಇದ್ದದ್ದು ಇದ್ದ ಹಾಗೆ.

ಕನ್ನಡ ಚೆನ್ನಾಗಿ ಓದಬಲ್ಲವರಿಗೆ ಇಲ್ಲಿ ಬೆಲೆ ಇದೆ. ಕಂಪ್ಯೂಟರ್ ಸೂಚಿಗೆ ‘ಮಾರ್ಕ್’ ಎಂಬ ಅಂತರರಾಷ್ಟ್ರೀಯ ನಮೂನೆ ಬಳಕೆಯಲ್ಲಿದೆ. ಅದರಲ್ಲಿ ಶೀರ್ಷಿಕೆಗೆ 245, ವ್ಯಕ್ತಿಯಾದ ಮುಖ್ಯ ಲೇಖಕರಿಗೆ 100 ಎಂದು ಸಂಖ್ಯೆಗಳಿದ್ದು, ಮೂಲ ಲಿಪಿಯಲ್ಲೂ ವಿವರ ಕೊಡಲು 880 ಎಂಬ ಕ್ಷೇತ್ರವಿದೆ. ಕನ್ನಡ ಪುಸ್ತಿಕೆಯ ವಿವರವನ್ನು ರೋಮನ್ ಅಕ್ಷರಗಳಲ್ಲಿ ಮಾತ್ರ ತುಂಬಿಸಿ ಬಿಟ್ಟರೆ, ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗದು. ಹೆಸರುಗಳ ವಿಷಯವಂತೂ ಕೇಳುವುದೇ ಬೇಡ. ಕೆ.ಕೆ. ಹೆಬ್ಬಾರರನ್ನು ‘ಹೆಬ್ಬಾರ್’ ಅಡಿಯಲ್ಲಿ ಇಡಬೇಕು, ಅಲ್ಲಿ ಅದು ಮನೆತನದ ಹೆಸರು. ಕೆ. ವೆಂಕಟಪ್ಪನವರಲ್ಲಿ ‘ವೆಂಕಟಪ್ಪ’ ಎಂಬುದು ಸ್ವಂತ ಹೆಸರೇ. ಹೆಸರಿನ ಯಾವ ಭಾಗ ಯಾವುದು ಎಂಬುದು ಪರದೇಶದ ನಿಯಮಪುಸ್ತಕ ಓದಿದ ಮಾತ್ರಕ್ಕೆ ತಿಳಿಯುವುದಿಲ್ಲ, ಊರು ಗೊತ್ತಿರಬೇಕು.

ಈ ವಿದ್ಯೆಗೆ ಬೆಂಗಳೂರು ಹೊರಗಿನದೇನಲ್ಲ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಯೇ. 1962ರಲ್ಲಿ ಅವರು ಇಲ್ಲಿ ಕಟ್ಟಿದ ಡಿ.ಆರ್.ಟಿ.ಸಿ., ಅಂದರೆ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಭಾಗವಾಗಿ ಮೈಸೂರು ರಸ್ತೆಯಲ್ಲಿದೆ. ಅಲ್ಲಿನ ಸ್ನಾತಕೋತ್ತರ ಕೋರ್ಸಿಗೆ ಪ್ರವೇಶ ಪರೀಕ್ಷೆ ಇದೆ. ಅದೇ ದಿಕ್ಕಿನ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗವಿದೆ. ಕಲೆ, ವಿಜ್ಞಾನ, ವಾಣಿಜ್ಯ ಯಾವ ಪದವಿ ಆದವರೂ ಈ ವಿಷಯಕ್ಕೆ ಬರಬಹುದು.

ಇನ್ನು ಕೆಲಸ ಕಲಿಯುವ ಜಾಗಗಳು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಲಾ ಗ್ರಂಥಾಲಯವಿದೆ. ಕಸ್ತೂರ್‌ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ, ಅಂದರೆ ‘ಮ್ಯಾಪ್’, ತನ್ನ ಕಟ್ಟಡದಲ್ಲಿ ಗ್ರಂಥಾಲಯಕ್ಕೂ ಜಾಗ ಕೊಟ್ಟಿದೆ. ಬಿನ್ನಿಪೇಟೆಯ ವಿದ್ಯಾರ್ಥಿಗಳು ಮಾಗಡಿ ರಸ್ತೆ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಐದನೆಯ ನಿಲ್ದಾಣ ಕಬ್ಬನ್ ಪಾರ್ಕ್. ಎದುರು ದಿಕ್ಕಿಗೆ ಹತ್ತಿದರೆ ಜ್ಞಾನಭಾರತಿ. ಇಂಥ ಕಡೆ ಇಂಟರ್ನ್‌ಷಿಪ್‌ಗೆ ದೊಡ್ಡ ಜಾಹೀರಾತು ಬರಲೆಂದು ಕಾಯುವುದಕ್ಕಿಂತ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಬರೆದು ಕೇಳುವುದೇ ಒಳ್ಳೆಯದು. ಹೊರದೇಶದ ಕನಸಿರುವವರಿಗೆ ಲಾಸ್ ಏಂಜಲೀಸಿನ ಗೆಟ್ಟಿ ಸಂಸ್ಥೆ ಪದವೀಧರರ ಇಂಟರ್ನ್‌ಷಿಪ್‌ಗಳನ್ನು ನಡೆಸುತ್ತ ಬಂದಿದೆ. ಅದೇ ಸಂಸ್ಥೆಯ ಕಲಾವಿದರ ಹೆಸರುಗಳ ಪಟ್ಟಿ ಮತ್ತು ಕಲಾ ಪದಕೋಶವನ್ನು ಮನೆಯಲ್ಲೇ ಕುಳಿತು, ಕಾಸಿಲ್ಲದೆ ನೋಡಬಹುದು.

‘ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?’ ಎಂಬ ತಂದೆತಾಯಿಗಳ ಪ್ರಶ್ನೆ ನ್ಯಾಯವಾದದ್ದೇ. ವಸ್ತುಸಂಗ್ರಹಾಲಯದ ಗ್ರಂಥಾಲಯಗಳಲ್ಲಿ ಹುದ್ದೆಗಳು ಬೆರಳೆಣಿಕೆಯಷ್ಟು. ಅದೊಂದನ್ನೇ ನಂಬಿ ಕೂರುವುದು ಜಾಣತನವಲ್ಲ. ಸ್ನಾತಕೋತ್ತರ ಪದವಿಯ ಜೊತೆಗೆ ಎನ್‌ಇಟಿ ಅಥವಾ ಕೆ-ಸೆಟ್ ಪಾಸು ಮಾಡಿಕೊಂಡರೆ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಪಾಲಕ ಹುದ್ದೆಗೆ ಅರ್ಜಿ ಹಾಕಬಹುದು. ಹಳೆಯ ಕಾಗದಪತ್ರಗಳನ್ನು ಡಿಜಿಟಲ್ ರೂಪಕ್ಕೆ ತರುವ ಯೋಜನೆಗಳಿಗೂ ಸೂಚಿ ಬರೆಯಬಲ್ಲವರು ಬೇಕೇ ಬೇಕು. ಚಿತ್ರ ಸ್ಕ್ಯಾನ್ ಮಾಡುವುದು ಸುಲಭ, ಅದು ಏನೆಂದು ಬರೆಯುವುದು ಕಷ್ಟ.

ಸೇರುವ ಮೊದಲು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕಾದ ಸಂಗತಿಗಳಿವೆ: ಎಷ್ಟು ತಿಂಗಳು, ಭತ್ಯೆ ಇದೆಯೇ, ಬರೆದ ಸೂಚಿಯನ್ನು ತಿದ್ದಿ ಹೇಳುವವರು ಯಾರು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆರು ತಿಂಗಳು ಬಾರ್‌ಕೋಡ್ ಚೀಟಿ ಅಂಟಿಸುವ ಕೆಲಸವಷ್ಟೇ ಆದೀತು. ಬಡ ಮನೆಯ ಮಕ್ಕಳಿಂದ ಸಂಬಳವಿಲ್ಲದೆ ಅಂಥ ಚಾಕರಿ ಮಾಡಿಸಿಕೊಳ್ಳುವುದು ತರಬೇತಿಯೂ ಅಲ್ಲ, ನ್ಯಾಯವೂ ಅಲ್ಲ.

ಅರ್ಜಿಯ ಜೊತೆ ಅಂಕಪಟ್ಟಿಯಲ್ಲದೆ ಮಾಡಿದ ಕೆಲಸದ ಮಾದರಿಯನ್ನೂ ಲಗತ್ತಿಸಿದರೆ ಒಳ್ಳೆಯದು. ಮನೆಯ ಟ್ರಂಕಿನಲ್ಲಿರುವ ಹಳೆಯ ನಾಟಕದ ಕರಪತ್ರ, ಮದುವೆಯ ಲಗ್ನಪತ್ರಿಕೆ, ರಾಜ್ಯೋತ್ಸವದ ಸ್ಮರಣ ಸಂಚಿಕೆ, ಇಂಥ ಹತ್ತನ್ನು ತೆಗೆದುಕೊಂಡು ಒಂದೊಂದಕ್ಕೂ ಸೂಚಿ ಬರೆಯಬೇಕು. ಇಸವಿ ಇಲ್ಲದ್ದನ್ನು ಪಂಚಾಂಗ ನೋಡಿ ಹುಡುಕಬೇಕು, ಹೇಗೆ ಸಿಕ್ಕಿತೆಂಬುದನ್ನು ಟಿಪ್ಪಣಿಯಲ್ಲಿ ಬರೆಯಬೇಕು, ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೆಯೇ ಬಿಡಬೇಕು.