ಕ್ಯಾಮೆರಾ ಎಲ್ಲಿ ನಿಂತಿದೆ?



ಗುಡೇಮಾರನಹಳ್ಳಿಯಂಥ ಊರಿನಲ್ಲಿ ಕೂತು ವಲಸೆ ಕಾನೂನಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಮಾಗಡಿಗೆ ನೆರೆಯಾದ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವೊಂದನ್ನು 2019ರ ಕೊನೆಗೆ ವಿದೇಶಿಯರನ್ನು ಇರಿಸುವ ಕೇಂದ್ರವಾಗಿ ಸಜ್ಜುಗೊಳಿಸಿದರು. ಅದೇ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯೂ ಬಂತು. ಕ್ಯಾಮೆರಾಗಳು ಸೊಂಡೆಕೊಪ್ಪಕ್ಕೆ ಓಡಿಬಂದವು.

ಆ ಕಟ್ಟಡದ ಬಗ್ಗೆ ನಾನು ಎರಡು ವಾರ್ತಾಚಿತ್ರಗಳನ್ನು ನೋಡಿದ್ದೇನೆ. ಎರಡರಲ್ಲೂ ಅದೇ ಮುಳ್ಳುತಂತಿ, ಅದೇ ಕಾವಲು ಗೋಪುರ, ಎದೆ ನಡುಗಿಸುವ ಅದೇ ಬಗೆಯ ಹಿನ್ನೆಲೆ ಸಂಗೀತ. ಒಂದು ಚಿತ್ರ 'ನುಸುಳುಕೋರರಿಗೆ ಕೊನೆಗೂ ಜಾಗ ಸಿದ್ಧ' ಎಂಬಂತೆ ಹೇಳಿತು. ಇನ್ನೊಂದು 'ನಾಳೆ ನಮ್ಮನ್ನೂ ಇಲ್ಲಿಗೇ ತಳ್ಳುತ್ತಾರೆ' ಎಂದು ಅಂಜಿಸಿತು. ಆ ಕೇಂದ್ರಕ್ಕೆ ಆಗ ಆಧಾರವಾಗಿದ್ದದ್ದು 1946ರ ವಿದೇಶಿಯರ ಕಾಯ್ದೆ. ವೀಸಾ ಅವಧಿ ಮೀರಿ ಉಳಿದವರಿಗಾಗಿ ಅದು ಎಂದು ಅಂದಿನ ರಾಜ್ಯ ಸರ್ಕಾರ ಹೇಳಿತ್ತು. ಪೌರತ್ವ ತಿದ್ದುಪಡಿ ಬೇರೆಯೇ ಕಾಯ್ದೆ. ಈ ಸರಳ ವ್ಯತ್ಯಾಸಕ್ಕೆ ಎರಡು ಚಿತ್ರಗಳಲ್ಲೂ ಒಂದು ನಿಮಿಷ ಸಿಗಲಿಲ್ಲ. ಮುಳ್ಳುತಂತಿಗೆ ಮಾತ್ರ ಬೇಕಾದಷ್ಟು ಸಮಯವಿತ್ತು.

ಇಂಥ ಚಿತ್ರಗಳು ಸುಳ್ಳನ್ನೇ ಹೇಳಬೇಕೆಂದಿಲ್ಲ. ಅವು ಪದವನ್ನು ಆರಿಸುತ್ತವೆ: ಒಬ್ಬನೇ ಮನುಷ್ಯ ಒಂದು ಕಡೆ 'ನಿರಾಶ್ರಿತ', ಇನ್ನೊಂದು ಕಡೆ 'ಅಕ್ರಮ ವಲಸಿಗ'. ಮುಖವನ್ನು ಆರಿಸುತ್ತವೆ: ಒಬ್ಬರಿಗೆ ದೆಹಲಿಯ ಮಜ್ನೂ ಕಾ ಟಿಲಾದಲ್ಲಿರುವ ಪಾಕಿಸ್ತಾನದಿಂದ ಬಂದ ಹಿಂದೂ ತಾಯಿ, ಇನ್ನೊಬ್ಬರಿಗೆ ಶಾಹೀನ್ ಬಾಗ್‌ನ ಅಜ್ಜಿ. ಎರಡೂ ಕಣ್ಣೀರು ನಿಜ. ಆದರೆ ಕಣ್ಣೀರು ಕಾಯ್ದೆಯ ಕಲಮನ್ನು ವಿವರಿಸುವುದಿಲ್ಲ. ಇನ್ನು ಪ್ರಶ್ನಾರ್ಥಕ ಚಿಹ್ನೆಯಂತೂ ದೊಡ್ಡ ಆಸರೆ. 'ಇವರು ಬಾಂಗ್ಲಾದವರೇ?' ಎಂದು ಕೇಳಿದರೆ ಆರೋಪ ಮಾಡಿದ ಹಾಗೂ ಆಯಿತು, ಹೊಣೆ ತಪ್ಪಿಸಿಕೊಂಡ ಹಾಗೂ ಆಯಿತು.

ಆ ಪ್ರಶ್ನೆಗೆ ಬೆಲೆ ತೆತ್ತವರು ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದ ಜೋಪಡಿವಾಸಿಗಳು. 2020ರ ಜನವರಿಯಲ್ಲಿ ಅಲ್ಲಿನ ಶೆಡ್ಡುಗಳ ವಿಡಿಯೊ ಹರಿದಾಡಿತು, ಕ್ಷೇತ್ರದ ಶಾಸಕರೂ ಹಂಚಿಕೊಂಡರು, 'ಬಾಂಗ್ಲಾದೇಶಿಗಳ ಅಡ್ಡೆ' ಎಂಬ ಮಾತು ಹಬ್ಬಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ನೂರಕ್ಕೂ ಹೆಚ್ಚು ಶೆಡ್ಡುಗಳನ್ನು ನೆಲಸಮ ಮಾಡಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಗುರುತಿನ ಚೀಟಿ ಹಿಡಿದು ನಿಂತಿದ್ದರು. ಪಿಯುಸಿಎಲ್ ಹೈಕೋರ್ಟಿಗೆ ಹೋದ ಮೇಲೆ ತೆರವಿಗೆ ತಡೆ ಸಿಕ್ಕಿತು. ಶೆಡ್ಡುಗಳು ಮಾತ್ರ ಅಷ್ಟರಲ್ಲಿ ಮಣ್ಣಾಗಿದ್ದವು. ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸುವ, ಪಾತ್ರೆ ತೊಳೆಯುವ ಈ ಕಾಯಕಜೀವಿಗಳು ಯಾವ ಊರಿನವರೆಂದು ಕ್ಯಾಮೆರಾ ಹಿಡಿದವರು ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು.

ಮಠಗಳಿಗೂ ಇದರಲ್ಲಿ ಪಾಲಿದೆ. ಅದೇ ಜನವರಿ 2ರಂದು ಪ್ರಧಾನಿಯವರು ಸಿದ್ಧಗಂಗಾ ಮಠಕ್ಕೆ ಬಂದು, ಅಲ್ಲಿಂದಲೇ ಪೌರತ್ವ ಕಾಯ್ದೆಯನ್ನು ಸಮರ್ಥಿಸಿ ವಿರೋಧಿಗಳನ್ನು ಟೀಕಿಸಿದರು. ಮಾತಾಡುವುದು ಅವರ ಹಕ್ಕು. ಆದರೆ ಅಂಥ ದೃಶ್ಯ ಚಿತ್ರದ ತುಣುಕಾದಾಗ ಕಾವಿ ಬಟ್ಟೆ, ಮಕ್ಕಳ ಸಾಲು, ಗದ್ದುಗೆ ಎಲ್ಲವೂ ವಾದದ ಭಾಗವಾಗುತ್ತವೆ. ಮಠದಲ್ಲಿ ಆಡಿದ ಮಾತು ಮಠದ ಮಾತಲ್ಲ. ಆ ವ್ಯತ್ಯಾಸ ಎಡಿಟಿಂಗ್ ಮೇಜಿನ ಮೇಲೆ ಉಳಿಯುವುದಿಲ್ಲ. ನಮ್ಮ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು ದಾಸೋಹದ ಪಂಕ್ತಿಯಲ್ಲಿ ಜಾತಿ ಮತ ಕೇಳದೆ ಮಕ್ಕಳನ್ನು ಕೂರಿಸಿದವರು. ಅವರ ನೆಲೆಯನ್ನು ಯಾವ ಪಕ್ಷದ ಹಿನ್ನೆಲೆ ಪರದೆಯಾಗಿಯೂ ಬಳಸಬಾರದೆಂದು ಹೇಳಲು ನನಗೆ ಸಂಕೋಚವಿಲ್ಲ.

ಕಾಯ್ದೆಯಿಂದ ಯಾರಿಗೂ ಒಳಿತಿಲ್ಲವೆಂದು ನಾನು ಹೇಳುತ್ತಿಲ್ಲ. ರಾಯಚೂರಿನ ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಸುಮಾರು ಅರ್ಧ ಶತಮಾನದಿಂದ ಬೇಸಾಯ ಮಾಡಿಕೊಂಡಿವೆ. ಪೌರತ್ವದ ಕಾಗದಕ್ಕಾಗಿ ಅವರು ಕಾದದ್ದನ್ನು ತೋರಿಸುವ ಚಿತ್ರವೂ ಬೇಕು. ಆದರೆ ಆ ಚಿತ್ರ ಇನ್ನೊಂದು ಮಾತನ್ನೂ ಹೇಳಬೇಕು: ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ಮಾತ್ರ ಈ ಬಾಗಿಲು. ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ಲಂಕೆಯ ತಮಿಳರು, ನಮ್ಮ ಬೈಲಕುಪ್ಪೆಯ ಟಿಬೆಟನ್ನರು ಬಂದ ದೇಶಗಳೂ ಇಲ್ಲ.

ಕಲ್ಯಾಣಕ್ಕೆ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಮರುಳಶಂಕರದೇವ ಆಫ್ಘನ್ ನಾಡಿನಿಂದ ಬಂದರೆಂದು ನಮ್ಮ ಪರಂಪರೆ ನಂಬುತ್ತದೆ. ಒಬ್ಬ ಸೌದೆ ಹೊತ್ತ, ಇನ್ನೊಬ್ಬ ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ಬದುಕಿದ. ಇಂದಿನ ಕ್ಯಾಮೆರಾ ಆ ಕುಂಡದ ಬಳಿ ಹೋಗಿದ್ದರೆ ಯಾವ ಶೀರ್ಷಿಕೆ ಕೊಡುತ್ತಿತ್ತೋ!

2025ರಲ್ಲಿ ಹಳೆಯ ವಿದೇಶಿಯರ ಕಾಯ್ದೆಯ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅದರ ಮೇಲೂ ಚಿತ್ರಗಳು ಬರುತ್ತವೆ, ನಮ್ಮ ಯುವಕರ ಫೋನುಗಳಿಗೂ ಇಳಿಯುತ್ತವೆ. ಶಿವಾನುಭವ ಗೋಷ್ಠಿಗಳನ್ನು ನಡೆಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಅಂಥ ಚಿತ್ರವನ್ನು ಪರದೆಯ ಮೇಲೆ ಹಾಕುವುದಾದರೆ ಮೊದಲೊಮ್ಮೆ ಧ್ವನಿ ಆರಿಸಿ ನೋಡಿ. ಆಮೇಲೆ ಕಾಯ್ದೆಯ ಸಂಬಂಧಪಟ್ಟ ಕಲಮುಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ. 2019ರ ತಿದ್ದುಪಡಿ ಕೆಲವೇ ಪುಟಗಳದ್ದು, ಚಿತ್ರ ಮುಗಿಯುವುದಕ್ಕಿಂತ ಬೇಗ ಓದಿ ಮುಗಿಯುತ್ತದೆ. ಸಾಧ್ಯವಾದರೆ ನಿಮ್ಮ ಊರಿನ ಇಟ್ಟಿಗೆ ಗೂಡಿನಲ್ಲೋ ಕೋಳಿ ಫಾರಮ್ಮಿನಲ್ಲೋ ದುಡಿಯುವ ಪರವೂರಿನವರೊಬ್ಬರನ್ನು ಗೋಷ್ಠಿಗೆ ಕರೆದು, ದಾಸೋಹಕ್ಕೆ ಜೊತೆಗೆ ಕೂರಿಸಿಕೊಳ್ಳಿ.