ರಕ್ತ ಕಂಡರೆಲ್ಲ ಮೂಲವ್ಯಾಧಿಯಲ್ಲ

ಮಲದಲ್ಲಿ ರಕ್ತ ಕಂಡರೆ ನಮ್ಮ ಗದಗ-ಬೆಟಗೇರಿಯಲ್ಲಿ ಮೊದಲ ಅನುಮಾನ ಮಿರ್ಚಿ ಭಜಿಯ ಮೇಲೆ, ಎರಡನೆಯದು ಮೂಲವ್ಯಾಧಿಯ ಮೇಲೆ. ಬಹಳ ಸಲ ಮೂಲವ್ಯಾಧಿಯೇ ಇರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ಪರೀಕ್ಷೆಯನ್ನೇ ಮಾಡಿಸದೆ ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಳೆಯುವುದು ತಪ್ಪು.

ಬೇಗ ಪತ್ತೆಯಾದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಮಾಡುವ ಅವಕಾಶ ಹೆಚ್ಚು. ನೋವು ಕಡಿಮೆ, ಮನೆಗೆ ಬೇಗ ಮರಳಬಹುದು. 'ರಂಧ್ರದಿಂದ ಮಾಡಿದರೆ ಗಡ್ಡೆಯ ಬೇರು ಉಳಿದೀತು' ಎಂಬ ಅಂಜಿಕೆ ಬೇಡ. ಅನುಭವಿ ವೈದ್ಯರ ಕೈಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮರುಕಳಿಸುವ ಪ್ರಮಾಣ ಎರಡೂ ವಿಧಾನಗಳಲ್ಲಿ ಹೆಚ್ಚುಕಡಿಮೆ ಒಂದೇ ಎಂದು 2004ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕರುಳು ಕಟ್ಟಿಕೊಂಡ ಮೇಲೆ ಬಂದವರಿಗೆ ಮಾತ್ರ ಈ ಆಯ್ಕೆ ಅನೇಕ ವೇಳೆ ಉಳಿದಿರುವುದಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಮೊದಲ ತಪಾಸಣೆಗೆ ಹುಬ್ಬಳ್ಳಿಯವರೆಗೆ ಹೋಗಬೇಕಿಲ್ಲ. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ, ಇಲ್ಲವೇ 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ತೋರಿಸಿ. ವೈದ್ಯರು ಬೆರಳಿನಿಂದ ಗುದದ್ವಾರ ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಮುಂದೆ ಕೊಲೊನೋಸ್ಕೋಪಿ ಬೇಕೇ ಎಂದು ಅವರೇ ಹೇಳುತ್ತಾರೆ. ನಾಚಿಕೆಪಡುವ ಹಿರಿಯರನ್ನು ನೀವೇ ಜೊತೆಗೆ ಕರೆದೊಯ್ಯಿರಿ. ಬಿಪಿಎಲ್ ಕಾರ್ಡು ಇದ್ದರೆ ಅದನ್ನೂ ಒಯ್ಯಿರಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತದೆ.